ಮೋಟಾರಿನ ಹೊಗೆನಾಳವೂ ಎರಡು ಮೊಳೆಗಳೂ

ಶ್ರೋತೃಗಳಲ್ಲಿ ಮೋಟಾರು ಗಾಡಿಯನ್ನಿಟ್ಟುಕೊಂಡವರು ಅನೇಕರಿರಬಹುದು. ಇಲ್ಲದವರೂ ಬಾಡಿಗೆಯದರಲ್ಲಿ ಕುಳಿತವರೇ. ಆದುದರಿಂದ ಈ ಹೊತ್ತು ಕಾವ್ಯವಿಚಾರವನ್ನು ಬದಿಗಿಟ್ಟು ಎರಡು ಮೊಳೆಗಳ ವಿಷಯವನ್ನು ಹೇಳಬೇಕೆಂದಿದ್ದೇವೆ. ಕಾಲೇಜಿನಲ್ಲಿ ಪಾಠ ಹೇಳುವವರಿಗೆ ಕಮ್ಮಾರಸಾಲೆಯ ಗೊಡವೆಯೇಕೆಂದು ನಗಬಾರದು. ಆ ಮೊಳೆಗಳ ಪಾಠವನ್ನು ನಾವು ಭಯದಿಂದಲೇ ಕಲಿತೆವು.

ನಮ್ಮ ಗಾಡಿ ಹಳೆಯದು. ಕಳೆದ ಚಳಿಗಾಲದಲ್ಲಿ ಬೆಳಗ್ಗೆ ಅದನ್ನು ಚಾಲೂ ಮಾಡಿದೊಡನೆ ಯಂತ್ರದ ಕಡೆಯಿಂದ ಹೊಲಿಗೆಯಂತ್ರದ ಸದ್ದಿನಂತೆ 'ಟಿಕ್ ಟಿಕ್' ಎಂದು ಶಬ್ದ ಹೊರಡುತ್ತಿದ್ದಿತು. ಹತ್ತು ನಿಮಿಷ ಓಡಿದ ಮೇಲೆ ಅಡಗುತ್ತಿದ್ದಿತು. ತಾನಾಗಿ ಬಂದ ರೋಗ ತಾನಾಗಿ ಹೋಗುವುದಾದರೆ ವೈದ್ಯನೇಕೆಂದು ಸುಮ್ಮನಿದ್ದೆವು.

ಮೈಸೂರಿನಿಂದ ಮಡಿಕೇರಿಗೆ ಹೊರಟ ದಿನ ಮಂಜು ಬಹಳ, ಗಾಜುಗಳನ್ನೆಲ್ಲ ಏರಿಸಿದ್ದೆವು. ಕುಶಾಲನಗರವನ್ನು ದಾಟಿ ಏರು ಹತ್ತುವಾಗ ಆ ಸದ್ದು ಮತ್ತೆ ಕೇಳಿಬಂದಿತು. ಹಿಂದೆ ಕುಳಿತಿದ್ದ ನಮ್ಮ ತಂಗಿಯ ಮಗಳು "ಮಾವ, ತಲೆ ಸಿಡಿಯುತ್ತಿದೆ" ಎಂದಳು. ಕೊಂಚ ಹೊತ್ತಿಗೆ ವಾಂತಿ ಮಾಡಿಕೊಂಡು ತೂಕಡಿಸತೊಡಗಿದಳು. ಗಾಡಿಯನ್ನು ನಿಲ್ಲಿಸಿ ಅರ್ಧ ಗಂಟೆ ಬಯಲುಗಾಳಿಯಲ್ಲಿ ಕೂರಿಸಿದ ಮೇಲೆ ಮಗು ಚೇತರಿಸಿಕೊಂಡಿತು. ಘಟ್ಟದ ತಿರುವೇ ಕಾರಣವೆಂದು ಎಲ್ಲರೂ ಹೇಳಿದರು. ಆದರೆ ಗಾಡಿ ನಡೆಸುವವನಿಗೆ ತಿರುವಿನಿಂದ ತಲೆ ಸುತ್ತುವುದು ಅಪರೂಪ. ನಮಗೂ ತಲೆ ಭಾರವಾಗಿದ್ದಿತು. ಉಳಿದ ಹಾದಿಯನ್ನು ಗಾಜು ಇಳಿಸಿ, ಚಳಿಯಲ್ಲಿ ನಡುಗುತ್ತಲೇ ಕ್ರಮಿಸಿದೆವು.

ಮರುದಿನ ಮೇಸ್ತ್ರಿಯೊಬ್ಬರು ಬಾನೆಟ್ಟನ್ನೆತ್ತಿ, ಯಂತ್ರಕ್ಕೆ ಹೊಗೆನಾಳವು ಸೇರುವ ಕಡೆಯಲ್ಲಿ ಕಪ್ಪು ಮಸಿಯ ಗೆರೆಯೊಂದನ್ನು ತೋರಿಸಿದರು. "ನೋಡಿ ಸ್ವಾಮಿ, ಕೊನೆಯ ಸ್ಟಡ್ಡು ಮುರಿದಿದೆ. ಅದರ ಪಕ್ಕದ್ದರಲ್ಲಿ ನಟ್ಟೇ ಇಲ್ಲ" ಎಂದರು. ಇಲ್ಲದ ನಟ್ಟಿನ ಸಂಗತಿ ನಮಗೆ ಹೊಳೆಯಿತು. ಹಿಂದಿನ ವರ್ಷ ಬೇರೊಂದು ಕಡೆ ರಿಪೇರಿಗೆ ಬಿಚ್ಚಿದ್ದವರು ತಿರುಗಿ ಜೋಡಿಸುವಾಗ ಒಂದನ್ನು ಮರೆತಿದ್ದರು. ಒಂದರ ಭಾರವೂ ನೆರೆಯ ಸ್ಟಡ್ಡಿನ ಮೇಲೆ ಬಿದ್ದು ಅದೂ ಮುರಿಯಿತು.

ಈ ಕೊನೆಯ ಸ್ಟಡ್ಡುಗಳೇ ಮೊದಲು ಮುರಿಯುವುದಕ್ಕೆ ಕಾರಣವುಂಟು. ಕಬ್ಬಿಣವು ಕಾದರೆ ಹಿಗ್ಗುತ್ತದೆ. ಅರ್ಧ ಮೀಟರಿನ ಎರಕದ ನಾಳವು 500 ಡಿಗ್ರಿ ಸೆಲ್ಸಿಯಸ್ ಹೆಚ್ಚು ಕಾದಾಗ ಸುಮಾರು 3 ಮಿಲಿಮೀಟರು ಉದ್ದವಾಗುತ್ತದೆ. ಅದನ್ನು ಹಿಡಿದಿರುವ ಯಂತ್ರವಾದರೋ ನೀರಿನಿಂದ ತಂಪಾಗಿರುತ್ತದೆ. ಈ ಎಳೆದಾಟವು ತುದಿಗಳಲ್ಲಿ ಹೆಚ್ಚು. ಕಾದಾಗ ಹಿಗ್ಗಿದ ನಾಳವು ಸಂದನ್ನು ಭಾಗಶಃ ಮುಚ್ಚುವುದರಿಂದಲೇ ಸದ್ದಡಗುವುದು. ಸದ್ದಡಗಿದರೂ ಸೋರಿಕೆ ಪೂರಾ ನಿಲ್ಲುವುದಿಲ್ಲ. ಏರಿನಲ್ಲಿ ಒತ್ತಡ ಹೆಚ್ಚಿದೊಡನೆ ಅನಿಲವು ಪುನಃ ನುಗ್ಗುತ್ತದೆ. ಅಲ್ಲಿಂದ ಗಾಳಿ ಬರುವ ಕಂಡಿಯ ಮೂಲಕವೂ, ತಂತಿಗಳು ಹಾಯುವ ರಂಧ್ರಗಳ ಮೂಲಕವೂ ಒಳಸೇರುತ್ತದೆ.

ಆ ಅನಿಲದಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇದನ್ನು 200ಕ್ಕೂ ಹೆಚ್ಚು ಪಾಲು ಬಲವಾಗಿ ಹಿಡಿದುಕೊಳ್ಳುತ್ತದೆ. ಹಾಲ್ಡೇನ್ ಎಂಬ ಶರೀರವಿಜ್ಞಾನಿಯು 1896ರಲ್ಲಿ ಬ್ರಿಟನ್ನಿನ ಕಲ್ಲಿದ್ದಲ ಗಣಿಗಳ ಆಸ್ಫೋಟಗಳನ್ನು ಪರಿಶೀಲಿಸಿ, ಸತ್ತವರಲ್ಲಿ ಬಹುಮಂದಿ ಪೆಟ್ಟಿನಿಂದಲ್ಲ, ಈ ಅನಿಲದಿಂದ ಸತ್ತರೆಂದು ತೋರಿಸಿದನು. ಹೊಸ ಗಾಡಿಗಳಲ್ಲಿ ವಿಷವನ್ನು ಕಳೆಯುವ ಕೆಟಲಿಟಿಕ್ ಕನ್ವರ್ಟರ್ ಇದೆಯಲ್ಲವೆ ಎಂದು ಕೇಳಬಹುದು. ಇದೆ, ಆದರೆ ಅನಿಲವು ಅದನ್ನು ಮುಟ್ಟುವುದಕ್ಕೆ ಮೊದಲೇ ಸೋರಿಹೋದರೆ ಅದೇನು ಮಾಡೀತು?

ಮೇಸ್ತ್ರಿಗಳ ಕೆಲಸದಲ್ಲಿ ನಮಗೆ ಮೆಚ್ಚಿಕೆಯಾದುದು ಅವರ ತಾಳ್ಮೆ. ಯಂತ್ರ ಪೂರಾ ತಣಿಯುವವರೆಗೆ ಕೈಯಿಕ್ಕಲಿಲ್ಲ. ತುಕ್ಕು ಬಿಡಿಸುವ ಎಣ್ಣೆಯನ್ನು ಬಿಟ್ಟು ರಾತ್ರಿಯೆಲ್ಲ ನೆನೆಯಿಸಿದರು. ಮುರಿದ ಸ್ಟಡ್ಡಿನ ತುದಿ ಕೊಂಚ ಹೊರಗುಳಿದಿದ್ದುದು ನಮ್ಮ ಪುಣ್ಯ. ಅದರ ಮೇಲೊಂದು ನಟ್ಟನ್ನಿಟ್ಟು ವೆಲ್ಡಿಂಗ್ ಮಾಡಿ, ಆ ಕಾವಿನಿಂದಲೇ ತುಕ್ಕಿನ ಹಿಡಿತ ಸಡಿಲವಾದ ಮೇಲೆ, ಹಿಂದಕ್ಕೂ ಮುಂದಕ್ಕೂ ಆಡಿಸಿ ತೆಗೆದರು. ಒಳಗೇ ಮುರಿದಿದ್ದರೆ ಸರಿಯಾಗಿ ನಡುವೆ ಗುರುತು ಮಾಡಿ ಕೊರೆಯಬೇಕಂತೆ. ಅವಸರಪಟ್ಟು ತಿರುಚುವ ಉಪಕರಣವೇ ಒಳಗೆ ಮುರಿದರೆ, ಅದು ಗಡುಸು ಉಕ್ಕಾದುದರಿಂದ, ಕೊರೆಯುವುದೂ ಕಷ್ಟ. ಬಳಿಕ ನಾಳದ ಮುಖ ಸೊಟ್ಟಗಾಗಿಲ್ಲವೆಂದು ನೇರಪಟ್ಟಿಯಿಟ್ಟು ನೋಡಿ, ಹೊಸ ಗ್ಯಾಸ್ಕೆಟ್ ಹಾಕಿ, ನಡುವಿನಿಂದ ತುದಿಗಳ ಕಡೆಗೆ, ಸ್ವಲ್ಪ ಸ್ವಲ್ಪವಾಗಿ ನಟ್ಟುಗಳನ್ನು ಬಿಗಿದರು. ಪೆಟ್ಟಿಗೆಯಲ್ಲಿ ಸಿಕ್ಕಿದ ಸಾಮಾನ್ಯ ಬೋಲ್ಟು ಸಾಲದೆ ಎಂದು ನಾವು ಕೇಳಿದ್ದುಂಟು. "ಅದು ಈ ಬಿಸಿ ತಡೆಯೊಲ್ಲ ಸ್ವಾಮಿ" ಎಂದು ನಕ್ಕು, ಶಾಖಕ್ಕೆಂದೇ ಮಾಡಿದ ಸ್ಟಡ್ಡುಗಳನ್ನು ತರಿಸಿದರು. ಅದಕ್ಕಾಗಿ ಒಂದು ದಿನ ಹೆಚ್ಚಿಗೆ ಕಾಯಬೇಕಾಯಿತು. ಮದುವೆಯ ಊಟಕ್ಕೆ ತಪ್ಪಿದೆವೆಂದು ಮನೆಯವರಿಗೆ ನಮ್ಮ ಮೇಲೆ ಈಗಲೂ ಅಸಮಾಧಾನವಿದೆ.

ಊರಿಗೆ ಮರಳಿದ ಮೇಲೆ, ಅವರು ಹೇಳಿದ್ದಂತೆ, ತಣಿದ ಯಂತ್ರದಲ್ಲಿ ನಟ್ಟುಗಳನ್ನು ಮತ್ತೊಮ್ಮೆ ನೋಡಿಸಿದೆವು. ತುದಿಯದೊಂದು ಕೊಂಚ ತಿರುಗಿ ಬಿಗಿಯಾಯಿತು. ಮರುದಿನ ಬೆಳಗ್ಗೆ ಗಾಡಿಯನ್ನು ಚಾಲೂ ಮಾಡಿದಾಗ ತಂಗಿಯ ಮಗಳು ಬಾನೆಟ್ಟಿನ ಬಳಿ ಕಿವಿಯಾನಿಸಿ ನಿಂತು, "ಮಾವ, ಇವತ್ತು ಹೊಲಿಯುತ್ತಿಲ್ಲ" ಎಂದಳು.