ಬಾಯಿಪಾಠ ಬಾರದ ಮಕ್ಕಳು

ಮಕ್ಕಳ ಓದಿನ ಬಗ್ಗೆ ನಾಲ್ಕು ಮಾತಾಡಿ ಎಂದು ವೇದಿಕೆಯ ಅಕ್ಕಂದಿರು ಹೇಳಿದಾಗ ವಿಷಯ ಹುಡುಕುವ ಕೆಲಸವೇ ಬೀಳಲಿಲ್ಲ. ಚಾಕಣದ ನಮ್ಮ ಮನೆಗೆ ಸಂಜೆ ಪಾಠಕ್ಕೆ ಬರುವ ಮಕ್ಕಳ ತಾಯಂದಿರು ಬಾಗಿಲಲ್ಲೇ ನಿಂತು ಹೇಳುವುದು ಒಂದೇ: “ರಾತ್ರಿ ಎಲ್ಲಾ ಚಲೋ ಹೇಳ್ತಾನ್ರೀ, ಮುಂಜಾನೆ ಕೇಳಿದ್ರ ಒಂದೂ ನೆನಪಿರಂಗಿಲ್ಲ.” ಅದರ ಬೆನ್ನಿಗೇ, ಮಗುವಿಗೆ ಕೇಳಿಸುವಂತೆ, “ಇವನ ತಲ್ಯಾಗ ಏನೂ ನಿಲ್ಲಂಗಿಲ್ಲ.” ಈ ಎರಡನೆಯ ಮಾತನ್ನು ಮಾತ್ರ ಮಗು ಎಂದೂ ಮರೆಯುವುದಿಲ್ಲ!

ನಮ್ಮ ಮಕ್ಕಳ ಹೊರೆಯನ್ನು ಒಮ್ಮೆ ನೋಡಿ. ಮನೆಯಲ್ಲಿ ಕನ್ನಡ, ಪುಸ್ತಕ ಇಂಗ್ಲಿಷ್, ಆಟ ಹಿಂದಿಯಲ್ಲಿ. 2020ರ ಕಾಯ್ದೆಯ ಪ್ರಕಾರ ಮಹಾರಾಷ್ಟ್ರದ ಶಾಲೆಗಳಲ್ಲಿ ಮರಾಠಿ ಕಡ್ಡಾಯ. ಅನ್ನ ಕೊಟ್ಟ ನೆಲದ ಭಾಷೆ, ಕಲಿಯಲೇಬೇಕು. ಆದರೆ ತೊಡಕು ಎಲ್ಲಿದೆ ಎಂದು ತಿಳಿದಿರಬೇಕು. ನಾವು ‘ನಲವತ್ತೇಳು’ ಎನ್ನುತ್ತೇವೆ, ಮೊದಲು ನಲವತ್ತು, ಆಮೇಲೆ ಏಳು. ಮರಾಠಿಯಲ್ಲಿ ‘ಸತ್ತೇಚಾಳೀಸ್’, ಏಳು ಮೊದಲು. ಮಗು ಏಳು ಬರೆದು ಮುಂದೆ ನಾಲ್ಕು ಬರೆದರೆ 74 ಆಯಿತು. ಇದು ದಡ್ಡತನವಲ್ಲ. ಮರಾಠಿ ಮಕ್ಕಳಿಗೂ ಇದು ಕಷ್ಟವೇ. ಅದಕ್ಕೇ 2019ರಲ್ಲಿ ಬಾಲಭಾರತಿಯ ಎರಡನೇ ತರಗತಿಯ ಗಣಿತ ಪುಸ್ತಕದಲ್ಲಿ ‘ವೀಸ್ ಏಕ್’, ‘ವೀಸ್ ದೋನ್’ ಎಂದು ನಮ್ಮ ಕನ್ನಡದ ಹಾಗೆಯೇ ಸಂಖ್ಯೆ ಹೇಳುವ ಕ್ರಮ ತಂದರು. ಗಣಿತ ಸಮಿತಿಯ ಮುಖ್ಯಸ್ಥೆಯಾಗಿದ್ದವರು ಪುಣೆಯ ಗಣಿತಜ್ಞೆ ಮಂಗಲಾ ನಾರಳೀಕರ್. ಆಗ ಎಷ್ಟು ಗದ್ದಲವಾಯಿತೆಂದು ಇಲ್ಲಿ ಕೆಲವರಿಗೆ ನೆನಪಿರಬಹುದು.

ಮನೆಯಲ್ಲಿ ಕನ್ನಡ ಬಿಟ್ಟರೆ ಮಗು ಬೇಗ ಕಲಿಯುತ್ತದೆ ಎಂದು ಒಂದು ಶಾಲೆಯಲ್ಲಿ ಒಬ್ಬ ತಾಯಿಗೆ ಹೇಳಿದರಂತೆ. ಬಿಡಬೇಡಿ ಎಂದೆ. ಅರ್ಥವಾಗದ್ದು ನೆನಪಲ್ಲಿ ಉಳಿಯುವುದಿಲ್ಲ, ಅರ್ಥವಾಗುವುದು ತಾಯಿಯ ಭಾಷೆಯಲ್ಲಿ. ಗಿಡ ಹೇಗೆ ಆಹಾರ ತಯಾರಿಸುತ್ತದೆ ಎಂದು ಆಕೆಯ ಮಗಳು ಇಂಗ್ಲಿಷಿನಲ್ಲಿ ಎರಡು ವಾರ ಉರು ಹೊಡೆದಿದ್ದಳು. ಕನ್ನಡದಲ್ಲಿ ಹೇಳು ಎಂದಾಗ ಸ್ವಲ್ಪ ಯೋಚಿಸಿ, “ಎಲಿ ಬಿಸಿಲಾಗ ಅಡಗಿ ಮಾಡ್ಕೋತದ” ಎಂದಳು. ಅಡುಗೆಗೆ ಏನೇನು ಸಾಮಾನು ಬೇಕು ಎಂದರೆ ನೀರು, ಗಾಳಿ ಎಂದು ತಾನೇ ಎಣಿಸಿದಳು. ಇಂಗ್ಲಿಷ್ ಪದಗಳನ್ನು ಅದರ ಮೇಲೆ ಕೂರಿಸಲು ಒಂದು ಸಂಜೆ ಸಾಕಾಯಿತು.

ಇತಿಹಾಸವೂ ಹಾಗೇ. 1660ರಲ್ಲಿ ಶಾಯಿಸ್ತಾಖಾನನ ದೊಡ್ಡ ಸೈನ್ಯವನ್ನು ಫಿರಂಗೋಜಿ ನರಸಾಳಾ ಸುಮಾರು ಎರಡು ತಿಂಗಳು ತಡೆದು ನಿಲ್ಲಿಸಿದ್ದು ನಮ್ಮದೇ ಊರಿನ ಸಂಗ್ರಾಮದುರ್ಗದಲ್ಲಿ. ರವಿವಾರ ಅಲ್ಲಿಗೆ ಕರೆದುಕೊಂಡು ಹೋಗಿ ಉಳಿದಿರುವ ಗೋಡೆ ತೋರಿಸಿ. ಆ ಹೆಸರು, ಆ ಇಸವಿ ಮತ್ತೆ ತಪ್ಪುವುದಿಲ್ಲ.

ಇನ್ನು ‘ರಾತ್ರಿ ಬಂದದ್ದು ಬೆಳಿಗ್ಗೆ ಇಲ್ಲ’ ಎನ್ನುವ ದೂರು. ಪುಸ್ತಕ ತೆರೆದಿಟ್ಟು ಹತ್ತು ಸಲ ಓದಿದರೆ ‘ಬಂತು’ ಅನ್ನಿಸುತ್ತದೆ, ಅಷ್ಟೆ. 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಇದನ್ನೇ ವಿದ್ಯಾರ್ಥಿಗಳ ಮೇಲೆ ಪರೀಕ್ಷಿಸಿದರು. ಐದು ನಿಮಿಷದ ಬಳಿಕ ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದು. ವಾರ ಕಳೆದ ಮೇಲೆ, ಓದಿದ್ದನ್ನು ಪುಸ್ತಕ ನೋಡದೆ ನೆನಪಿಸಿಕೊಂಡು ಬರೆದವರು ಮುಂದು. ಹಾಗಾಗಿ ‘ಇನ್ನೊಂದು ಸಲ ಓದು’ ಎನ್ನುವ ಬದಲು ‘ಪುಸ್ತಕ ಮುಚ್ಚು, ನನಗೆ ಹೇಳು’ ಅನ್ನಿ. ರೊಟ್ಟಿ ಬಡಿಯುತ್ತಲೇ ಕೇಳಬಹುದು. ತಡವರಿಸಿದರೆ ತಕ್ಷಣ ಹೇಳಿಕೊಡಬೇಡಿ, ತುಸು ಕಾಯಿರಿ. ನಾಳೆ ಅದನ್ನೇ ಕೇಳಿ, ಮೂರು ದಿನ ಬಿಟ್ಟು ಕೇಳಿ, ಮುಂದಿನ ವಾರ ಕೇಳಿ. ಮಗ್ಗಿ ಕೂಡ ಒಂದೇ ದಿನ ಒಂದು ತಾಸು ಕೂಡಿಸುವ ಬದಲು ದಿನಾ ಐದು ನಿಮಿಷ. ರಾತ್ರಿ ಹನ್ನೊಂದರವರೆಗೆ ಎಬ್ಬಿಸಿ ಕೂಡಿಸಬೇಡಿ. ಕಲಿತದ್ದು ಗಟ್ಟಿಯಾಗುವುದೇ ನಿದ್ದೆಯಲ್ಲಿ.

ಇಷ್ಟೆಲ್ಲ ಮಾಡಿದರೂ ಕೆಲವು ಮಕ್ಕಳಿಗೆ ಆಗುವುದಿಲ್ಲ. ಬಾಯಲ್ಲಿ ಚುರುಕು, ಕಾಗದದ ಮೇಲೆ ಅಕ್ಷರ ಹಿಂದುಮುಂದು, ಒಂದು ಸಾಲು ಓದಲು ಒದ್ದಾಟ. ಮೊದಲು ಕಣ್ಣು, ಕಿವಿ ತೋರಿಸಿ. ಅವು ಸರಿಯಿದ್ದರೆ ಡಿಸ್ಲೆಕ್ಸಿಯಾದಂಥ ಕಲಿಕಾ ತೊಡಕು ಇದೆಯೇ ಎಂದು ಪರೀಕ್ಷೆ ಮಾಡಿಸಬೇಕು. ಈ ಮಾತೆತ್ತಿದ ಕೂಡಲೇ “ನನ್ನ ಮಗ ಹುಚ್ಚೇನ್ರೀ?” ಎಂದು ಸಿಟ್ಟಾದವರಿದ್ದಾರೆ. ಹುಚ್ಚಲ್ಲ, ಬುದ್ಧಿ ಕಡಿಮೆಯೂ ಅಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಇದು ಸೇರಿದೆ, ಪ್ರಮಾಣಪತ್ರವಿದ್ದರೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯದಂಥ ಸೌಲಭ್ಯಗಳಿವೆ. ಶಾಲೆಗೆ ಮರಾಠಿಯಲ್ಲಿ ಅರ್ಜಿ ಬರೆಯುವುದು ಯಾರಿಗಾದರೂ ಕಷ್ಟವಾದರೆ ಚಹಾದ ಹೊತ್ತಿಗೆ ಸಿಗಿ, ಕೂತು ಬರೆಯೋಣ.