ಮನೋವ್ಯಾಧಿ ಮತ್ತು ನಮ್ಮ ಕರ್ತವ್ಯ



ವ್ಯಾಧಿ ಎರಡು ಬಗೆ. ಒಂದು ಶಾರೀರಿಕ, ಇನ್ನೊಂದು ಮಾನಸಿಕ. ಮೈಯ ಬೇನೆಯನ್ನು ನಾವು ಹತ್ತು ಮಂದಿಗೆ ಹೇಳಿಕೊಳ್ಳುತ್ತೇವೆ. ಮನದ ಬೇನೆಯನ್ನು ಹಿತ್ತಲ ಕೋಣೆಯಲ್ಲಿಟ್ಟು ಕದ ಹಾಕುತ್ತೇವೆ. ಎತ್ತಿಗೆ ಕಾಲುಬಾಯಿ ಬೇನೆ ಬಂದರೆ ಅದೇ ದಿನ ದನದ ಡಾಕ್ಟರರನ್ನು ಕರೆತರುವ ರೈತ, ಹೆತ್ತ ಮಗ ನಿದ್ದೆಯಿಲ್ಲದೆ ರಾತ್ರಿಯೆಲ್ಲ ತನ್ನಷ್ಟಕ್ಕೆ ತಾನೇ ಮಾತಾಡುತ್ತ ಕುಳಿತರೆ ವರುಷಗಟ್ಟಲೆ ಸುಮ್ಮನಿರುತ್ತಾನೆ. ಏಕೆ? ಮಗಳ ಲಗ್ನ ತಪ್ಪೀತು, ಬೀಗರು ಏನೆಂದಾರು, ಊರು ‘ಹುಚ್ಚರ ಮನೆತನ’ ಎಂದೀತು ಎಂಬ ಅಂಜಿಕೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ದೇಶದ 12 ರಾಜ್ಯಗಳಲ್ಲಿ ಸಮೀಕ್ಷೆ ನಡೆಸಿತು. ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕಿಂತ ತುಸು ಹೆಚ್ಚು ಮಂದಿಗೆ ಒಂದಿಲ್ಲೊಂದು ಮಾನಸಿಕ ತೊಂದರೆ ಕಂಡಿತು. ಅಂಥವರಲ್ಲಿ ನೂರಕ್ಕೆ ಎಪ್ಪತ್ತಕ್ಕಿಂತ ಹೆಚ್ಚು ಜನರಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಬಡತನ, ದೂರ ಇವೂ ಕಾರಣಗಳೇ. ಆದರೆ ನವಲಗುಂದ, ಕುಂದಗೋಳ, ಕಲಘಟಗಿ, ಅಣ್ಣಿಗೇರಿಯ ಕಡೆಯವರಾದ ನಮಗೆ ದೂರದ ನೆಪವಿಲ್ಲ. ಧಾರವಾಡದ ಮಾನಸಿಕ ಆಸ್ಪತ್ರೆಯ ಚರಿತ್ರೆ 1845ರಿಂದ ಆರಂಭವಾಗುತ್ತದೆ. ಇಂದು ಅದು ಡಿಮ್ಹಾನ್ಸ್ ಎನಿಸಿದೆ. ಆದರೂ ನಮ್ಮಲ್ಲಿ ‘ಇವನ್ನ ಧಾರವಾಡಕ್ಕ ಕಳಸ್ರಿ’ ಎಂಬುದು ಚೇಷ್ಟೆಯ ಮಾತಾಗಿದೆ. ಚೇಷ್ಟೆ ಮಾಡಿದವನ ಮನೆಗೇ ಬೇನೆ ಬಂದಾಗ, ಅದೇ ಮಾತು ಅವನ ಕಾಲಿಗೆ ತೊಡಕಾಗುತ್ತದೆ.

‘ಅಜ್ಜಾರ, ದೆವ್ವ ಬಡದೈತ್ರಿ, ತಾಯತ ಕಟ್ರಿ’ ಎಂದು ನಮ್ಮಲ್ಲಿಗೆ ಬರುವವರುಂಟು. ಚರಕ ಸಂಹಿತೆಯ ನಿದಾನಸ್ಥಾನದಲ್ಲಿ ಉನ್ಮಾದಕ್ಕೆ ಒಂದು ಅಧ್ಯಾಯವೇ ಇದೆ. ಅದರಲ್ಲಿ ಐದು ಬಗೆಯ ಉನ್ಮಾದವನ್ನು ಹೇಳಿ, ಕಡೆಗೆ ದೇವತೆ ಪಿಶಾಚಿಗಳ ಮೇಲೆ ತಪ್ಪು ಹೊರಿಸಬಾರದೆಂಬ ತಾತ್ಪರ್ಯದ ಮಾತೂ ಬಂದಿದೆ. ಇಂದಿನ ವೈದ್ಯರು ವಾತಪಿತ್ತಗಳ ಬದಲು ಮಿದುಳಿನ ವ್ಯಾಪಾರ, ವಂಶ, ದುಃಖ, ಕುಡಿತ ಎಂಬ ಕಾರಣಗಳನ್ನು ಕಾಣುತ್ತಾರೆ. ಇಬ್ಬರೂ ಕೂಡುವ ಜಾಗವೊಂದಿದೆ: ಇದು ರೋಗ, ಇದಕ್ಕೆ ಚಿಕಿತ್ಸೆಯುಂಟು.

ಹಾಗಾದರೆ ಗುಡಿ ಮಠಗಳಿಗೆ ಬರಬಾರದೆ? ಬರಬೇಕು. ತಮಿಳುನಾಡಿನ ಒಂದು ಗುಡಿಯಲ್ಲಿ ಬಂದು ತಂಗಿದ್ದ 31 ಮಂದಿ ಮನೋರೋಗಿಗಳನ್ನು ನಿಮ್ಹಾನ್ಸ್‌ನ ವೈದ್ಯರು ಅಭ್ಯಸಿಸಿ 2002ರಲ್ಲಿ ಪ್ರಕಟಿಸಿದರು. ಸರಾಸರಿ ಆರು ವಾರಗಳ ವಾಸದಲ್ಲಿ ರೋಗಲಕ್ಷಣಗಳು ಸುಮಾರು ಐದರಲ್ಲಿ ಒಂದು ಪಾಲು ತಗ್ಗಿದ್ದವು. ಅಲ್ಲಿ ವಿಶೇಷವಾದ ಮಂತ್ರವಿಧಿ ಇರಲಿಲ್ಲ. ಮನೆಯವರೊಬ್ಬರು ಜೊತೆಗಿದ್ದರು, ಅಂಜಿಸುವವರಿರಲಿಲ್ಲ, ಆಶ್ರಯವಿತ್ತು. ಗುಣ ತಂದದ್ದು ಆ ಆದರವೇ ಇದ್ದೀತೆಂದು ವೈದ್ಯರು ಎಣಿಸಿದರು.

ಅದೇ ನಾಡಿನ ಏರವಾಡಿಯಲ್ಲಿ 2001ರ ಆಗಸ್ಟ್ 6ರಂದು ಖಾಸಗಿ ಆಶ್ರಯಮನೆಯೊಂದಕ್ಕೆ ಬೆಂಕಿ ಬಿದ್ದು 28 ರೋಗಿಗಳು ಸತ್ತರು. ಸರಪಳಿಯಿಂದ ಬಿಗಿದಿದ್ದ ಕಾರಣ ಓಡಲಾಗಲಿಲ್ಲ. ಕಟ್ಟಿದವರಿಗೂ ‘ನೋಡಿಕೊಳ್ಳುತ್ತಿದ್ದೇವೆ’ ಎಂಬ ನಂಬಿಕೆಯೇ ಇದ್ದೀತು! 2017ರ ಮಾನಸಿಕ ಆರೋಗ್ಯ ಕಾನೂನು ಸರಪಳಿಯನ್ನು ಪೂರ್ಣ ನಿಷೇಧಿಸಿದೆ. ಕಬ್ಬಿಣದ ಸರಪಳಿಯನ್ನು ಕಾನೂನು ಬಿಚ್ಚಿಸೀತು. ನಾಲಗೆಯ ಸರಪಳಿಯನ್ನು ನಾವೇ ಬಿಚ್ಚಬೇಕು.

ಗದ್ದುಗೆಗೆ ಬನ್ನಿರಿ, ವಿಭೂತಿ ಧರಿಸಿರಿ, ಪ್ರಸಾದ ಸ್ವೀಕರಿಸಿರಿ. ಆದರೆ ವಿಭೂತಿ ಹಚ್ಚಿದ ಮೇಲೆ ಗುಳಿಗಿ ಬೇಡವೆಂದು ತಿಳಿಯಬೇಡಿರಿ. ಬಿತ್ತಿದ ಮರುದಿನ ಜೋಳದ ತೆನೆ ಕೇಳುವ ರೈತನಿಲ್ಲ. ಈ ಔಷಧಗಳಲ್ಲಿಯೂ ಅನೇಕವು ಗುಣ ತೋರಲು ವಾರಗಳೇ ಹಿಡಿಯುತ್ತವೆ. ಗುಣ ಕಂಡಿತೆಂದು ಡಾಕ್ಟರರನ್ನು ಕೇಳದೆ ಬಿಟ್ಟರೆ ಬೇನೆ ಮರುಕಳಿಸುವ ಭಯವುಂಟು. ನಡುರಾತ್ರಿ ದಿಕ್ಕು ತೋಚದಿದ್ದರೆ, ಸರ್ಕಾರ 2022ರಲ್ಲಿ ತೆರೆದ ಟೆಲಿ ಮಾನಸ್‌ಗೆ 14416 ಸಂಖ್ಯೆಗೆ ಫೋನ್ ಮಾಡಿರಿ. ಕನ್ನಡದಲ್ಲಿಯೇ ಮಾತಾಡಬಹುದು, ಹಣ ಕೊಡಬೇಕಿಲ್ಲ.

ಆಸ್ಪತ್ರೆಯಿಂದ ತಿರುಗಿ ಬಂದವನನ್ನು ಅವನ ಹೆಸರಿನಿಂದಲೇ ಕರೆಯಿರಿ. ಹೊಲದ ಕೆಲಸದಲ್ಲಿ, ಲಗ್ನದ ಪಂಕ್ತಿಯಲ್ಲಿ ಜೊತೆಗೆ ಕೂಡಿಸಿಕೊಳ್ಳಿರಿ. ಔಷಧ ಕೊಡುವುದು ವೈದ್ಯರ ಕೆಲಸ, ಜಾಗ ಕೊಡುವುದು ಊರಿನ ಕೆಲಸ. ಮುಚ್ಚಿದ ಕದಗಳನ್ನು ತೆರೆಯುವ ಧೈರ್ಯವನ್ನು ಶ್ರೀಗುರುವು ತಮಗೆಲ್ಲ ಕರುಣಿಸಲೆಂದು ಹಾರೈಸಿ ನಮ್ಮ ಮಾತಿಗೆ ಮಂಗಲ ಹೇಳುತ್ತೇವೆ.