ಒಂದೇ ಸೂರು, ಒಂದೇ ತಂತಿ

ಸಕಲೇಶಪುರ, ಆಲೂರು ತಾಲ್ಲೂಕುಗಳ ಕಾಫಿ ತೋಟಗಳ ಪರಿಚಯವಿರುವ ಕೇಳುಗರಿಗೆ ‘ಲೈನು’ ಎಂಬ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ತೋಟದ ಕಾರ್ಮಿಕರಿಗಾಗಿ ಒಂದೇ ಸೂರಿನಡಿ, ಗೋಡೆಗೆ ಗೋಡೆ ಹಂಚಿಕೊಂಡು, ಆರೋ ಎಂಟೋ ಹತ್ತೋ ಮನೆಗಳನ್ನು ಸಾಲಾಗಿ ಕಟ್ಟಿದ ಉದ್ದನೆಯ ಕಟ್ಟಡವೇ ಲೈನು. ಬೆಂಗಳೂರಿನವರು ಇದನ್ನೇ ನೆಟ್ಟಗೆ ಎತ್ತಿ ನಿಲ್ಲಿಸಿ ಅಪಾರ್ಟ್‌ಮೆಂಟು ಎಂದು ಕರೆಯುತ್ತಾರೆ. ಬಾಡಿಗೆ ಹೆಚ್ಚು, ಗೋಡೆ ತೆಳುವು, ಉಳಿದಂತೆ ಬಾಳು ಒಂದೇ. ತೋಟದಲ್ಲಿ ನೆಲಸುವ ಕಾರ್ಮಿಕರಿಗೆ ವಸತಿ ಒದಗಿಸುವುದು ಮಾಲೀಕರ ಹೊಣೆಯೆಂದು 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯ್ದೆ ವಿಧಿಸಿದಾಗ ಈ ಸಾಲುಮನೆಗಳಿಗೆ ಕಾನೂನಿನ ಆಧಾರವೂ ದೊರೆಯಿತು.

ಇಂಥ ಲೈನಿನ ಮಾಡಿನ ಕೆಳಗೆ ಕಣ್ಣಾಡಿಸಿದರೆ ಅನೇಕ ಕಡೆ ಮತ್ತೊಂದು ಲೈನು ಕಾಣಸಿಗುತ್ತದೆ. ಹೆಂಚಿನಡಿಯ ರೀಪಿಗೆ ಮೊಳೆ ಹೊಡೆದು ಕಟ್ಟಿದ, ಮನೆಯಿಂದ ಮನೆಗೆ ಹಾಯ್ದುಹೋದ, ಕಿರುಬೆರಳಿನಷ್ಟು ದಪ್ಪವೂ ಇಲ್ಲದ ಕಪ್ಪು ಕೇಬಲ್ಲು. ಒಂದು ಕಾಲದಲ್ಲಿ ಅದರೊಳಗೆ ಟೆಲಿವಿಷನ್ನಿನ ಚಿತ್ರಗಳು ಹರಿದಿದ್ದವು. ಈಗ ಎಷ್ಟೋ ಕಡೆ ಅದು ಬಟ್ಟೆ ಒಣಹಾಕುವುದಕ್ಕೆ ಒದಗುತ್ತಿದೆ. ಆ ತಂತಿಗೆ ಇನ್ನೊಂದು ಜನ್ಮ ಸಾಧ್ಯವೆ, ಒಂದೇ ಸೂರಿನ ಹತ್ತು ಮನೆಗಳನ್ನು ಅದು ಅಂತರ್ಜಾಲಕ್ಕೆ ಸೇರಿಸಬಲ್ಲುದೆ ಎಂಬುದು ಈ ಹೊತ್ತಿನ ನನ್ನ ವಿಷಯ.

ಕೇಬಲ್ ಟೆಲಿವಿಷನ್ ಹುಟ್ಟಿದ್ದೇ ಗುಡ್ಡಗಾಡಿನಲ್ಲಿ ಎಂಬುದನ್ನು ಇಲ್ಲಿ ನೆನೆಯಬಹುದು. 1948-49ರ ಸುಮಾರಿಗೆ ಅಮೆರಿಕದ ಪೆನ್ಸಿಲ್ವೇನಿಯ ಮತ್ತು ಆರೆಗನ್ ಪ್ರಾಂತಗಳಲ್ಲಿ, ಬೆಟ್ಟ ಅಡ್ಡವಾಗಿ ಪ್ರಸಾರ ತಲುಪದ ಊರಿನವರು ಎತ್ತರದಲ್ಲಿ ಒಂದು ಆಂಟೆನಾ ನಿಲ್ಲಿಸಿ, ಅಲ್ಲಿಂದ ತಂತಿ ಎಳೆದು ಮನೆಮನೆಗೆ ಚಿತ್ರ ಹಂಚಿಕೊಂಡರು. ನಮ್ಮ ಮಲೆನಾಡಿನದೂ ಅದೇ ಪಾಡು. ಇಲ್ಲಿ ಒಂದು ವಿಚಿತ್ರವೂ ಉಂಟು. ಭಾರತದ ಇನ್ಸಾಟ್ ಉಪಗ್ರಹಗಳನ್ನು ಅಂಕೆಯಲ್ಲಿಡುವ ಮುಖ್ಯ ನಿಯಂತ್ರಣ ಕೇಂದ್ರ 1982ರಲ್ಲಿ ಹಾಸನದಲ್ಲಿಯೇ ಸ್ಥಾಪನೆಯಾಯಿತು. ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹದೊಡನೆ ಹಾಸನ ಮಾತನಾಡುತ್ತಿತ್ತು. ಅದೇ ಜಿಲ್ಲೆಯ ಗುಡ್ಡದ ಮರೆಯ ಮನೆಗಳಿಗೆ ಆ ಮಾತು ದಕ್ಕುತ್ತಿರಲಿಲ್ಲ. ದೂರವನ್ನು ಗೆದ್ದವರಿಗೆ ಕೊನೆಯ ಹತ್ತು ಮೀಟರೇ ಕಠಿಣವಾಗುವುದು ಸಂಪರ್ಕದ ಚರಿತ್ರೆಯಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿ. 1994ರಲ್ಲಿ ಉದಯ ಟಿವಿ ಬಂದ ಕಾಲಕ್ಕೆ ಊರೂರುಗಳಲ್ಲಿ ಕೇಬಲ್ ಹರಡುತ್ತಿತ್ತು. 1995ರಲ್ಲಿ ಅದಕ್ಕೊಂದು ಕಾಯ್ದೆಯೂ ಆಯಿತು. ಆಮೇಲೆ ಮನೆಗೊಂದು ಡಿಶ್ ಬಂದಿತು. ಹಂಚಿಕೊಂಡ ತಂತಿ ಗೋಡೆಯಲ್ಲಿ ಅನಾಥವಾಗಿ ಉಳಿಯಿತು.

ಈ ತಂತಿಯ ರಚನೆಯನ್ನು ಸ್ವಲ್ಪ ನೋಡೋಣ. ನಡುವೆ ಒಂದು ತಾಮ್ರದ ಎಳೆ. ಅದರ ಸುತ್ತ ವಿದ್ಯುತ್ತನ್ನು ಹಾಯಗೊಡದ ಬಿಳಿಯ ಪ್ಲಾಸ್ಟಿಕ್ ತಿರುಳು. ಅದರ ಮೇಲೆ ಲೋಹದ ಹಾಳೆ ಮತ್ತು ಜಾಳಿಗೆ. ಹೊರಗೆ ಕಪ್ಪು ಹೊದಿಕೆ. ಒಳಗಿನ ಎಳೆಗೂ ಹೊರಗಿನ ಜಾಳಿಗೆಗೂ ಅಕ್ಷ ಒಂದೇ ಆದ್ದರಿಂದ ಇದಕ್ಕೆ ಕೋಆಕ್ಷಿಯಲ್, ಅಂದರೆ ಸಹಾಕ್ಷ ಕೇಬಲ್ಲೆಂದು ಹೆಸರು. ಸಂಕೇತವು ಈ ಎರಡರ ನಡುವಣ ಅವಕಾಶದಲ್ಲಿ ಸಾಗುತ್ತದೆ. ಹೊರಗಿನ ಗದ್ದಲ ಒಳಕ್ಕೆ ಬಾರದು, ಒಳಗಿನದು ಹೊರಕ್ಕೆ ಸೋರದು. ಇಂಗ್ಲೆಂಡಿನ ಆಲಿವರ್ ಹೆವಿಸೈಡ್ 1880ರಲ್ಲಿಯೇ ಇದಕ್ಕೆ ಪೇಟೆಂಟ್ ಪಡೆದಿದ್ದ. ಅಮೆರಿಕದ ಎಸ್ಪೆನ್‌ಶೀಡ್ ಮತ್ತು ಆಫೆಲ್ ಎಂಬ ಎಂಜಿನಿಯರುಗಳು ನೂರಾರು ಮಾತುಕತೆಗಳನ್ನು ಒಂದೇ ಕೇಬಲ್ಲಿನಲ್ಲಿ ಕಳುಹಿಸುವ ವಿಧಾನಕ್ಕೆ 1931ರಲ್ಲಿ ಪೇಟೆಂಟ್ ಪಡೆದರು.

ಚಿತ್ರ ನೋಡುವುದಕ್ಕೆ ಡಿಶ್ ಇರುವಾಗ ಈ ಹಳೆಯ ತಂತಿಯ ಗೊಡವೆ ಏಕೆ ಎಂದು ಕೇಳಬಹುದು. 2020ರಲ್ಲಿ ಶಾಲೆಗಳು ಮುಚ್ಚಿ ಪಾಠಗಳು ಫೋನಿಗೆ ಬಂದಾಗ, ಮಲೆನಾಡಿನ ಮಕ್ಕಳು ಸಿಗ್ನಲ್ ಅರಸಿ ಮಳೆಯಲ್ಲಿ ಗುಡ್ಡ ಹತ್ತಿ ಕುಳಿತದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಆಲೂರು-ಸಕಲೇಶಪುರ ಸೀಮೆಗೆ ಇನ್ನೂ ಒಂದು ಕಾರಣವುಂಟು. ಇದು ಕಾಡಾನೆಗಳು ನಡೆದಾಡುವ ನೆಲ. ಆನೆ ಯಾವ ತೋಟದಲ್ಲಿದೆಯೆಂಬುದನ್ನು ಮೊಬೈಲ್ ಸಂದೇಶದಿಂದ ಮುಂಚೆಯೇ ತಿಳಿಸುವ ಏರ್ಪಾಡು ಈ ಸೀಮೆಯಲ್ಲಿ ಬೆಳೆದುಬಂದಿದೆ. ಬೆಳಗಿನ ಮಂಜಿನಲ್ಲಿ ಕೆಲಸಕ್ಕೆ ಹೊರಡುವ ಹೆಣ್ಣುಮಗಳಿಗೆ ಆ ಸಂದೇಶ ತಲುಪುವುದೂ ತಲುಪದಿರುವುದೂ ಪ್ರಾಣದ ಪ್ರಶ್ನೆ. ಬಂಗಲೆಯ ಫೋನಿಗೆ ಬಂದ ಸಂದೇಶ ಲೈನಿನ ಹತ್ತನೆಯ ಮನೆಗೆ ಮುಟ್ಟದಿದ್ದರೆ ಅದನ್ನು ಸಂಪರ್ಕವೆನ್ನಲಾಗದು.

ತೋಟದ ಕಚೇರಿಯವರೆಗೆ ಗಾಜಿನ ಎಳೆಯ ಫೈಬರ್ ಬಂದಿದೆಯೆಂದು ಇಟ್ಟುಕೊಳ್ಳೋಣ. ಅಲ್ಲಿಂದ ಲೈನಿನ ಬಾಗಿಲವರೆಗೂ ಫೈಬರನ್ನೇ ಎಳೆಯುವುದು ಲೇಸು. ದೂರವೂ ಹೆಚ್ಚು, ಗಾಜು ಸಿಡಿಲನ್ನೂ ಹೊತ್ತುತಾರದು. ಕಷ್ಟ ಎದುರಾಗುವುದು ಬಾಗಿಲಿನ ಒಳಗೆ. ಮೊದಲ ಮನೆಯಲ್ಲಿ ವೈಫೈ ಪೆಟ್ಟಿಗೆಯಿಟ್ಟರೆ ದಪ್ಪ ಗೋಡೆಗಳನ್ನು ದಾಟುತ್ತ ದಾಟುತ್ತ ಅದರ ಶಕ್ತಿ ನಾಲ್ಕನೆಯ ಮನೆಗಾಗಲೇ ಬಡವಾಗಿರುತ್ತದೆ. ಗೋಡೆಯಲ್ಲಿ ಮಲಗಿರುವ ಕೇಬಲ್ಲು ನೆನಪಾಗಬೇಕಾದದ್ದು ಆಗ.

ಈ ಕೆಲಸಕ್ಕೆ ಒಂದು ಪದ್ಧತಿಯಿದೆ. ಕೆಲವು ಕಂಪನಿಗಳು ಕೂಡಿ 2004ರಲ್ಲಿ ಸ್ಥಾಪಿಸಿದ ‘ಮಲ್ಟಿಮೀಡಿಯಾ ಓವರ್ ಕೋಆಕ್ಸ್ ಅಲಯನ್ಸ್’ ಎಂಬ ಕೂಟ ಅದನ್ನು ರೂಪಿಸಿತು. ಹೆಸರನ್ನು ಮೊಟಕುಮಾಡಿ ಮೋಕಾ ಎನ್ನುತ್ತಾರೆ. ಬಾಬಾ ಬುಡನ್ ಕಾಫಿಯ ಬೀಜ ತಂದರೆಂದು ಐತಿಹ್ಯ ಹೇಳುವ ಯೆಮೆನ್ ದೇಶದ ರೇವುಪಟ್ಟಣಕ್ಕೂ ಇದೇ ಹೆಸರು. ಕಾಫಿಯ ನಾಡಿಗೆ ಇದು ಅಪರಿಚಿತ ಶಬ್ದವಲ್ಲ. ಕೇಬಲ್ ಟೆಲಿವಿಷನ್ನಿನ ಸಂಕೇತಗಳು ಸಾಮಾನ್ಯವಾಗಿ 860 ಮೆಗಾಹರ್ಟ್ಸ್‌ನೊಳಗೆ ಮುಗಿಯುತ್ತವೆ. ಮೋಕಾ ಪೆಟ್ಟಿಗೆಗಳು 1125ರಿಂದ 1675 ಮೆಗಾಹರ್ಟ್ಸ್‌ವರೆಗಿನ ಎತ್ತರದ ಹಾದಿಯನ್ನು ಬಳಸುತ್ತವೆ. ಶಿರಾಡಿಯ ಕಣಿವೆಯಲ್ಲಿ ಕೆಳಗೆ ಹೆದ್ದಾರಿಯೂ ಮೇಲೆ ರೈಲೂ ಒಂದಕ್ಕೊಂದು ಅಡ್ಡಬರದೆ ಸಾಗುವಂತೆ, ಒಂದೇ ತಂತಿಯಲ್ಲಿ ಚಿತ್ರವೂ ಅಂತರ್ಜಾಲವೂ ಸಾಗಬಲ್ಲವು. ಆದರೆ ಡಿಶ್ಶಿನಿಂದ ಇಳಿದುಬರುವ ತಂತಿಯಲ್ಲಿ ಈ ಸ್ನೇಹ ನಡೆಯದು. ಅದರ ಸಂಕೇತ 950ರಿಂದ 2150 ಮೆಗಾಹರ್ಟ್ಸ್‌ವರೆಗೆ ಹಬ್ಬಿರುವುದರಿಂದ ಇಬ್ಬರೂ ಒಂದೇ ಹಾದಿಯಲ್ಲಿ ಢಿಕ್ಕಿ ಹೊಡೆಯುತ್ತಾರೆ. ಮೋಕಾದ 2.5 ಎಂಬ ಆವೃತ್ತಿ ಸೆಕೆಂಡಿಗೆ 2.5 ಗಿಗಾಬಿಟ್‌ವರೆಗೆ ಸಾಗಿಸಬಲ್ಲುದು, 16 ಪೆಟ್ಟಿಗೆಗಳನ್ನು ಒಂದು ಜಾಲಕ್ಕೆ ಸೇರಿಸಬಲ್ಲುದು. ಹತ್ತು ಮನೆಯ ಲೈನಿಗೆ ಮನೆಗೊಂದು, ಮೂಲದಲ್ಲೊಂದು, ಒಟ್ಟು ಹನ್ನೊಂದು ಸಾಕು. ಅಮೆರಿಕದಲ್ಲಿ ಇವು ಹೆಚ್ಚು ಬಳಕೆಯಲ್ಲಿವೆ. ನಮ್ಮ ಪೇಟೆಗಳಲ್ಲಿ ಹುಡುಕಿ ತರಿಸಬೇಕಾದ ಸರಕು. ಆ ಖರ್ಚನ್ನೂ ಹೊಸ ತಂತಿಯ ಖರ್ಚನ್ನೂ ತೂಗಿ ನೋಡಬೇಕಾದದ್ದು ನ್ಯಾಯ. ಗೋಡೆ ಕೊರೆದು ಹೊಸ ತಂತಿ ಎಳೆಯಲು ಅನುಕೂಲವಿದ್ದಲ್ಲಿ ಹಳೆಯದಕ್ಕೆ ಜೋತುಬೀಳಬೇಕಾಗಿಲ್ಲ.

ಪೆಟ್ಟಿಗೆ ತಂದಮಾತ್ರಕ್ಕೆ ಕೆಲಸ ಮುಗಿಯದು. ಮೊದಲು ಆ ತಂತಿಯ ವಂಶವೃಕ್ಷವನ್ನು ಬರೆದುಕೊಳ್ಳಬೇಕು: ಎಲ್ಲಿಂದ ಹೊರಟಿದೆ, ಎಲ್ಲಿ ಕವಲೊಡೆದಿದೆ, ಎಲ್ಲಿ ಮುಗಿದಿದೆ. ಕವಲಿನ ಜಾಗದಲ್ಲಿರುವ ಪುಟ್ಟ ಲೋಹದ ಡಬ್ಬಿಗೆ ಸ್ಪ್ಲಿಟರ್ ಎನ್ನುತ್ತಾರೆ. ಎರಡು ಬಾಯಿಯ ಸ್ಪ್ಲಿಟರ್ ಬಂದ ಶಕ್ತಿಯನ್ನು ಎರಡು ಪಾಲು ಮಾಡುತ್ತದೆ. ಹಿಂದಿನವರು ಸುಲಭವೆಂದು ಮನೆಮನೆಗೂ ಇಂಥದೊಂದನ್ನು ಸರಪಳಿಯಂತೆ ಜೋಡಿಸಿದ್ದರೆ ಲೆಕ್ಕ ಹೀಗಾಗುತ್ತದೆ: ಮೊದಲ ಮನೆಗೆ ಅರ್ಧ, ಎರಡನೆಯದಕ್ಕೆ ಕಾಲು, ಮೂರನೆಯದಕ್ಕೆ ಅರೆಕಾಲು. ಹತ್ತನೆಯ ಮನೆಗೆ ತಲುಪುವಷ್ಟರಲ್ಲಿ ಒಂಬತ್ತು ಸಲ ಅರ್ಧವಾಗಿ ಐನೂರ ಹನ್ನೆರಡರಲ್ಲಿ ಒಂದು ಪಾಲು ಉಳಿಯುತ್ತದೆ. ಸ್ಪ್ಲಿಟರ್ ತಾನೂ ಒಂದಿಷ್ಟು ನುಂಗುವುದರಿಂದ ವಾಸ್ತವದಲ್ಲಿ ಅದು ಸಾವಿರದಲ್ಲಿ ಒಂದಕ್ಕಿಂತಲೂ ಕಡಿಮೆ. ಇದರ ಬದಲು ಲೈನಿನ ನಡುವೆ 16 ಬಾಯಿಯ ಒಂದೇ ಸ್ಪ್ಲಿಟರ್ ಇಟ್ಟು, ಅಲ್ಲಿಂದ ಮನೆಗೊಂದು ತಂತಿ ಕೊಟ್ಟರೆ ಪ್ರತಿಯೊಬ್ಬರಿಗೂ ಸುಮಾರು ಇಪ್ಪತ್ತೈದರಲ್ಲಿ ಒಂದು ಪಾಲು. ಮೊದಲ ಮನೆಯವರು ತಮ್ಮ ಅರ್ಧವನ್ನು ಬಿಟ್ಟುಕೊಡಬೇಕಾಗುತ್ತದೆ ನಿಜ. ಅವರಿಗೆ ಬೇಕಾದದ್ದಕ್ಕೆ ಉಳಿದ ಪಾಲೇ ಧಾರಾಳವಾಗಿ ಸಾಕು. ಕೊನೆಯ ಮನೆಗಾದರೋ ಅದು ಇರುವುದಕ್ಕೂ ಇಲ್ಲದಿರುವುದಕ್ಕೂ ನಡುವಣ ವ್ಯತ್ಯಾಸ. ಸ್ಪ್ಲಿಟರ್ 1675 ಮೆಗಾಹರ್ಟ್ಸ್‌ವರೆಗೆ ಹಾಯಗೊಡುವಂಥದ್ದಾಗಿರಬೇಕು. ಹಳೆಯ ಕಾಲದ ಆಂಪ್ಲಿಫೈಯರ್ ಮಾತನ್ನು ಒಂದೇ ದಿಕ್ಕಿಗೆ ಬಿಡುವುದರಿಂದ ಅದನ್ನು ಕಳಚಬೇಕು.

ಇದಕ್ಕಿಂತಲೂ ಸೂಕ್ಷ್ಮವಾದದ್ದು ತೆರೆದ ತುದಿಯ ವಿಚಾರ. ಈ ಕೇಬಲ್ಲಿಗೆ 75 ಓಮ್ ಎಂಬ ತನ್ನದೇ ಗುಣವೊಂದುಂಟು. ತುದಿಯಲ್ಲಿ ಪೆಟ್ಟಿಗೆಯೂ ಇಲ್ಲದೆ, ಅದೇ ಗುಣದ ಟರ್ಮಿನೇಟರ್ ಎಂಬ ಪುಟ್ಟ ಮುಚ್ಚಳವೂ ಇಲ್ಲದೆ ಬಿಟ್ಟರೆ, ಅಲ್ಲಿಗೆ ಹೋದ ಸಂಕೇತ ಬಾವಿಯಲ್ಲಿ ಕೂಗಿದ ಹಾಗೆ ಪ್ರತಿಧ್ವನಿಸಿ ಹಿಂದಿರುಗುತ್ತದೆ, ಉಳಿದವರ ಮಾತನ್ನು ಕೆಡಿಸುತ್ತದೆ. 1980-90ರ ದಶಕಗಳಲ್ಲಿ ಕಚೇರಿಗಳ ಕಂಪ್ಯೂಟರುಗಳನ್ನು 50 ಓಮ್‌ನ ತೆಳು ಕೇಬಲ್ಲಿನಿಂದ ಪೋಣಿಸುತ್ತಿದ್ದರು. ಒಬ್ಬರು ಮೇಜು ಸರಿಸುವಾಗ ತಮ್ಮ ಜೋಡಣೆಯನ್ನು ಕಳಚಿಟ್ಟರೆ ಇಡೀ ಸಾಲು ಮೂಕವಾಗುತ್ತಿತ್ತು. ಲೈನಿನಲ್ಲಿ ಮಳೆಗಾಲವೇ ಆ ಕೆಲಸ ಮಾಡುತ್ತದೆ. ಸಡಿಲವಾದ ಪಿನ್ನಿನೊಳಗೆ ನೀರು ಇಳಿದು, ಜಾಳಿಗೆ ಕಿಲುಬು ಹಿಡಿದು, ಐದನೆಯ ಮನೆಯ ಅಲಕ್ಷ್ಯದ ಫಲ ಎಂಟನೆಯ ಮನೆಗೆ ಮುಟ್ಟುತ್ತದೆ. ಹೂಮಳೆಯ ಕಾಲದಲ್ಲಿ ಗುಡುಗು ಸಿಡಿಲಿನ ಭಯ ಬೇರೆ. ಕೇಬಲ್ಲು ಕಟ್ಟಡವನ್ನು ಹೊಗುವಲ್ಲಿ ಅದರ ಹೊರಜಾಳಿಗೆಯನ್ನು ಕಟ್ಟಡದ ಅರ್ಥಿಂಗಿಗೆ ಸೇರಿಸದೆ ಇರಬಾರದು.

ತಂತಿ ಒಂದೇ ಆದಾಗ ಗುಟ್ಟಿನ ಪ್ರಶ್ನೆಯೂ ಏಳುತ್ತದೆ. ಲೈನಿನ ಗೋಡೆಗಳಿಗೆ ಮೊದಲೇ ಕಿವಿ ಹೆಚ್ಚು. ಗುಪ್ತಪದವಿಲ್ಲದೆ ಈ ಜಾಲವನ್ನು ಬಿಟ್ಟರೆ ತಂತಿಯ ಇನ್ನೊಂದು ತುದಿಗೆ ಪೆಟ್ಟಿಗೆ ಸಿಕ್ಕಿಸಿದವರೆಲ್ಲರೂ ಒಳಬರಬಹುದು. ಆದ್ದರಿಂದ ಜಾಲಕ್ಕೊಂದು ಗುಪ್ತಪದವಿರಬೇಕು. ಮನೆಮನೆಯ ವೈಫೈ ಬೇರೆಬೇರೆಯಾಗಿರಬೇಕು. ಒಂದು ಮನೆಯ ಫೋನು ಇನ್ನೊಂದು ಮನೆಯದಕ್ಕೆ ಕಾಣಿಸದಂತೆ ಮೂಲದಲ್ಲಿಯೇ ಬೇಲಿ ಹಾಕಬೇಕು. ಬಹುಮನೆ ಕಟ್ಟಡಗಳಿಗೆಂದು ರೂಪಿಸಿದ ‘ಮೋಕಾ ಆಕ್ಸೆಸ್’ ಎಂಬ ರೂಪದಲ್ಲಿ ಪ್ರತಿಯೊಂದು ಮನೆಯೂ ಮೂಲದೊಡನೆ ಮಾತ್ರ ಮಾತನಾಡುತ್ತದೆ. ಕೇಬಲ್ಲು ಲೈನಿನಿಂದ ಹೊರಬೀಳುವ ಕಡೆ ಒಂದು ಫಿಲ್ಟರ್ ಹಾಕಿದರೆ ಒಳಗಿನ ಸಂಕೇತ ಪಕ್ಕದ ಕಟ್ಟಡಕ್ಕೆ ಹರಿಯದು. ತೋಟದಲ್ಲಿ ಸಂಸಾರಗಳು ಬರುತ್ತವೆ, ಹೋಗುತ್ತವೆ. ಮನೆಯ ಬೀಗದ ಕೈ ಹಿಂದಕ್ಕೆ ಪಡೆಯುವ ದಿನವೇ ಗುಪ್ತಪದವನ್ನೂ ಬದಲಿಸಬೇಕು.

ಇನ್ನು ಹಣದ ಮತ್ತು ಹಕ್ಕಿನ ಮಾತು. ಒಬ್ಬರ ಹೆಸರಿನ ಸಂಪರ್ಕವನ್ನು ಹತ್ತು ಮನೆಗೆ ಮಾರುವುದು ಕಂಪನಿಯ ಕರಾರಿಗೆ ವಿರೋಧವಾಗಬಹುದು. ಕೇಳಿ ತಿಳಿದು ಮಾಡಬೇಕು. ಸಣ್ಣ ಅಂಗಡಿಯವರೂ ಲೈಸೆನ್ಸಿಲ್ಲದೆ ಸಾರ್ವಜನಿಕ ವೈಫೈ ಒದಗಿಸಬಹುದಾದ ‘ಪಿಎಂ-ವಾಣಿ’ ಎಂಬ ಯೋಜನೆಗೆ 2020ರ ಡಿಸೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಅಂಥ ಹಾದಿಯನ್ನೂ ನೋಡಬಹುದು. ಮೂಲದ ಪೆಟ್ಟಿಗೆಗೆ ಕರೆಂಟು ಯಾರ ಮೀಟರಿನದು, ವಿದ್ಯುತ್ತು ಹೋದಾಗ ಬ್ಯಾಟರಿ ಯಾರದು, ಸ್ಪ್ಲಿಟರಿನ ಡಬ್ಬಿಯ ಬೀಗ ಯಾರ ಕೈಯಲ್ಲಿ ಎಂಬುದನ್ನು ಮೊದಲೇ ಕುಳಿತು ಮಾತನಾಡಿ ಒಂದು ಹಾಳೆಯಲ್ಲಿ ಬರೆದಿಡಬೇಕು. ಬರೆಯುವಾಗ ಬಂಗಲೆಯವರೂ ರೈಟರೂ ಮಾತ್ರವಲ್ಲ, ಲೈನಿನ ಹೆಂಗಸರೂ ಕೂತಿರಬೇಕು. ನೀರಿನ ನಲ್ಲಿಯ ಸರದಿಯನ್ನು ವರ್ಷಗಟ್ಟಲೆ ನಡೆಸಿಕೊಂಡು ಬಂದವರು ಅವರು. ಒಂದೇ ಮೂಲವನ್ನು ಹತ್ತು ಮನೆ ಹಂಚಿಕೊಳ್ಳುವ ಕಷ್ಟ ಎಂಜಿನಿಯರಿಗಿಂತ ಅವರಿಗೆ ಚೆನ್ನಾಗಿ ಗೊತ್ತು.

ಇಂಥ ಕೆಲಸ ಮುಗಿದ ದಿನ ಪರೀಕ್ಷೆ ನಡೆಯುವುದು ವಾಡಿಕೆಯಂತೆ ಮೊದಲ ಮನೆಯಲ್ಲಿ, ಪೆಟ್ಟಿಗೆಯ ಪಕ್ಕದಲ್ಲಿ. ಅಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ. ಪರೀಕ್ಷಕರು ದಯಮಾಡಿ ಹತ್ತನೆಯ ಮನೆಗೆ ನಡೆದುಹೋಗಬೇಕು; ಮಳೆ ಸುರಿಯುವ ಸಂಜೆಯಲ್ಲಿ, ಉಳಿದ ಒಂಬತ್ತು ಮನೆಗಳೂ ಜಾಲವನ್ನು ಬಳಸುತ್ತಿರುವ ಹೊತ್ತಿನಲ್ಲಿ ಹೋಗಬೇಕು. ಅಲ್ಲಿನ ಹುಡುಗಿಯ ಪಾಠ ತಡೆಯದೆ ಸಾಗುತ್ತಿದ್ದರೆ, ಆನೆಯ ಸುದ್ದಿ ಅವಳ ತಾಯಿಯ ಫೋನಿಗೆ ಹೊತ್ತಿಗೆ ಸರಿಯಾಗಿ ಬಂದರೆ, ತಂತಿ ಜೋಡಿಸಿದವರಿಗೆ ಕೂಲಿ ಕೊಟ್ಟು ಕಳುಹಿಸಬಹುದು.